‘ಶಾಂತ ಸ್ವಭಾವ’ ಎಂದು ಬರೆದವಳು ನಾನೇ

ಎಲ್ಲರಿಗೂ ನಮಸ್ಕಾರ. ಧಾರವಾಡದ ಈ ಜಿಟಿಜಿಟಿ ಮಳೆಯಲ್ಲೂ ಇಷ್ಟು ಮಂದಿ ಬಂದಿದ್ದೀರಿ. ಇವತ್ತಿನ ಮಾತು ಹೆಣ್ಣುಮಕ್ಕಳ ಎಡಿಎಚ್‌ಡಿ ಬಗ್ಗೆ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಸುವ ತೊಂದರೆ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅದಕ್ಕೇ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ನನ್ನ ಕ್ಲಾಸಿನಲ್ಲಿ ಕಿಟಕಿ ಪಕ್ಕ ಒಬ್ಬ ಹುಡುಗಿ ಕೂರುತ್ತಿದ್ದಳು. ಗಲಾಟೆ ಇಲ್ಲ, ಎದುರು ಮಾತಿಲ್ಲ. ನೋಟ್‌ಬುಕ್‌ನಲ್ಲಿ ಲೆಕ್ಕ ಅರ್ಧಕ್ಕೇ ನಿಂತಿರುತ್ತಿತ್ತು, ಅಂಚಿನ ತುಂಬ ರಂಗೋಲಿ ಚುಕ್ಕಿ. ಕಂಪಾಸ್ ಬಾಕ್ಸ್ ವರ್ಷಕ್ಕೆ ಮೂರು ಕಳೆಯುತ್ತಿದ್ದಳು. ಅವಳ ಪ್ರಗತಿ ಪತ್ರದಲ್ಲಿ ನಾನು ಬರೆದದ್ದು: ‘ಶಾಂತ ಸ್ವಭಾವ. ಇನ್ನೂ ಲಕ್ಷ್ಯ ಕೊಡಬೇಕು.’ ಬೆಂಚು ಹತ್ತಿ ಕುಣಿಯುತ್ತಿದ್ದ ಹುಡುಗನ ಅಪ್ಪನನ್ನು ಮಾತ್ರ ಕರೆಸಿ, ‘ಡಾಕ್ಟರಿಗೆ ತೋರಿಸ್ರಿ’ ಎಂದೆ. ಅವನಿಗೆ ಎಡಿಎಚ್‌ಡಿ ಇರುವುದು ಗೊತ್ತಾಯಿತು. ಅವಳಿಗೆ ಗೊತ್ತಾಗಿದ್ದು 34ನೇ ವಯಸ್ಸಿಗೆ, ಮಗನನ್ನು ತೋರಿಸಲು ಹೋದಾಗ! ಇದು ಮನೆತನದಲ್ಲಿ ಹರಿದು ಬರುವುದೇ ಜಾಸ್ತಿ.

ಎಡಿಎಚ್‌ಡಿ ಅಂದರೆ ಒಂದು ಕಡೆ ನಿಲ್ಲದ ಗಂಡುಹುಡುಗ ಎಂದೇ ನಮ್ಮ ತಲೆಯಲ್ಲಿ ಕೂತಿದೆ, ಅಲ್ವಾ? ಗಮನ ನಿಲ್ಲದ ಬಗೆಯೂ ಒಂದಿದೆ. ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಅದು. ಚಡಪಡಿಕೆ ಎಲ್ಲ ತಲೆಯೊಳಗೆ. ಮೇಲಾಗಿ ‘ನೆಟ್ಟಗೆ ಕೂಡು’ ಎಂದು ಚಿಕ್ಕಂದಿನಿಂದ ಗದರಿಸಿರುತ್ತೇವೆ, ಅವಳು ಮುಚ್ಚಿಡಲು ಕಲಿತಿರುತ್ತಾಳೆ. ಚಿಕ್ಕವರಲ್ಲಿ ಪತ್ತೆಯಾಗುವವರು ಗಂಡುಮಕ್ಕಳೇ ಎರಡು ಮೂರು ಪಟ್ಟು. ದೊಡ್ಡವರಲ್ಲಿ ಆ ಅಂತರ ಬಹಳ ಕಡಿಮೆ. ಲಕ್ಷಣ 7 ವರ್ಷದೊಳಗೆ ಕಂಡಿರಬೇಕು ಎಂದಿದ್ದ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು 12ಕ್ಕೆ ಏರಿಸಿತು. ಹೈಸ್ಕೂಲಿಗೆ ಬಂದು ಪಾಠ ಹೆಚ್ಚಾದಾಗ ಮುಗ್ಗರಿಸುವ ಹುಡುಗಿಯರಿಗೆ ಇದರಿಂದ ಉಪಕಾರವಾಯಿತು.

ಆ ಹುಡುಗಿ ಮೊನ್ನೆ ಹುಬ್ಬಳ್ಳಿಯಿಂದ ಮನೆಗೆ ಬಂದಿದ್ದಳು. ‘ಅಕ್ಕೋರ, ರೊಟ್ಟಿ ಹಂಚಿನ ಮ್ಯಾಲೆ ಹಾಕಿ ಶೇಂಗಾ ಹಿಂಡಿ ತರಾಕ ಒಳಗ ಹೋಗಿರ್ತೀನಿ. ಅಲ್ಲೆ ಅರಬಿ ಮಡಚಕೋಂತ ಕುಂತಿರ್ತೀನಿ. ಸುಟ್ಟ ವಾಸನಿ ಬಂದಾಗನ ನೆನಪು.’ ಅತ್ತೆಗೆ ಅವಳು ಮನಸ್ಸಿಟ್ಟು ಮಾಡದ ಸೊಸೆ. ಆದರೆ ಕಸೂತಿಗೆ ಕೂತಳೆಂದರೆ ಊಟದ ಪರಿವೆಯೂ ಇಲ್ಲ. ‘ಅದಕ್ಕ ಬರ್ತದ, ಇದಕ್ಕ ಬರೂದಿಲ್ಲೇನು?’ ಎಂಬುದು ಮನೆಯವರ ವಾದ. ಗಮನದ ಲಗಾಮು ಅವಳ ಕೈಯಲ್ಲಿದ್ದಿದ್ದರೆ ತಕರಾರೇ ಇರುತ್ತಿರಲಿಲ್ಲ. ಮುಟ್ಟಿನ ಹಿಂದಿನ ದಿನಗಳಲ್ಲಂತೂ ಅವಳಿಗೆ ಮರೆವು, ಸಿಟ್ಟು ಎರಡೂ ಜಾಸ್ತಿ. ತುಂಬ ಹೆಂಗಸರು ಹೀಗೇ ಹೇಳುತ್ತಾರೆ.

ಅವಳಿಗೆ ಹಿಂದೆ ಖಿನ್ನತೆಗೆ ಮಾತ್ರೆ ಕೊಟ್ಟಿದ್ದರು. ಮೂವತ್ತು ವರ್ಷ ಬೈಸಿಕೊಂಡವರಿಗೆ ಖಿನ್ನತೆ ಬರದೇ ಇರುತ್ತದೆಯೇ? ಬೇರು ಮಾತ್ರ ಹಾಗೇ ಉಳಿದಿತ್ತು. ಎಡಿಎಚ್‌ಡಿಗೆ ಬೇರೆ ಔಷಧಿ ಇದೆ, ಮನೋವೈದ್ಯರು ನೋಡಿಯೇ ಬರೆಯಬೇಕು. ನಮ್ಮೂರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಮನೆಯಲ್ಲಿ ಗಂಡ ಒಂದೇ ಕೆಲಸ ಮಾಡಿದ. ‘ಮತ್ತ ಮರ್ತ್ಯಾ?’ ಎನ್ನುವುದು ಬಿಟ್ಟು, ಬಾಗಿಲಿಗೆ ಒಂದು ಮೊಳೆ ಹೊಡೆದ. ಕೀಲಿ, ಪರ್ಸು, ಮಾತ್ರೆ ಚೀಲ ಎಲ್ಲ ಅದಕ್ಕೇ. ಅವಳು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತಾಳೆ. ನಮ್ಮ ಮನೆಯಲ್ಲಿ ಮಾತಿನ ನಡುವೆ ಅದು ಹೊಡೆಯಿತು. ‘ಚಿಗರಿ ಬಸ್ಸಿಗೆ ಹೊತ್ತಾತ್ರಿ ಅಕ್ಕೋರ’ ಎಂದು ಎದ್ದಳು.

ಅವಳ ಕೊಡೆ ಇನ್ನೂ ನಮ್ಮಲ್ಲೇ ಇದೆ. ಇವತ್ತು ನಾನು ಹಿಡಿದು ಬಂದದ್ದು ಅದನ್ನೇ.