ಎಲ್ಲಿ ನಿಂತಿರಿ, ಹೇಳಿ

ಎಲ್ಲರಿಗೂ ನಮಸ್ಕಾರ. ಕಾರವಾರದ ಸೆಖೆಯಲ್ಲಿ, ಊಟ ಆದಮೇಲೆ, ಇಷ್ಟು ಜನ ಕೂತಿದ್ದೀರಿ. ಅದಕ್ಕೇ ಮೊದಲು ಥ್ಯಾಂಕ್ಸ್.

ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆ ಈಗಷ್ಟೇ ಬಿಡುಗಡೆ ಆಯಿತು. ಇಲ್ಲೇ ಕೂತು ನಾಲ್ಕು ಬರಹ ಓದಿದೆ. ಬರೆದವರಲ್ಲಿ ಇಬ್ಬರು ಬಂದು "ಹೇಗಿದೆ ಸರ್?" ಅಂತ ಕೇಳಿದರು. ನಾನು "ಚೆನ್ನಾಗಿದೆ" ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಚೆನ್ನಾಗಿದೆ ಅನ್ನುವ ಮಾತಿನಿಂದ ಬರೆಯುವವರಿಗೆ ಏನೂ ಸಿಗುವುದಿಲ್ಲ, ಅಲ್ವಾ? ಸ್ಟೇಟಸ್‌ಗೆ ಬಂದು ಬೀಳುವ ಕೆಂಪು ಹೃದಯವೂ ಅಷ್ಟೇ. ಖುಷಿ ಆಗುತ್ತದೆ, ಆದರೆ ಯಾವ ಸಾಲು ಸರಿ ಇಲ್ಲ ಅಂತ ಗೊತ್ತಾಗುವುದಿಲ್ಲ.

ಮೂರು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದಕ್ಕೆ ಒಂದು ಕಥೆ ಹೇಳಬೇಕು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಸಂಚಿಕೆಗೆ ಅಂತ ಒಂದು ಪ್ರಬಂಧ ಬರೆದೆ. ನಮ್ಮದು ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಊರು. ಅವ್ವ ನೀರು ಇಳಿದಾಗ ಬಳಚು, ಅಂದರೆ ಕೆಸರಲ್ಲಿ ಸಿಗುವ ತಿನ್ನುವ ಚಿಪ್ಪು, ಹೆಕ್ಕಲಿಕ್ಕೆ ಹೋಗುತ್ತಿದ್ದಳು. ಅದರ ಮೇಲೆ ಆರು ಪುಟ. ಮೊದಲ ಸಾಲು ನನಗೆ ಇನ್ನೂ ಬಾಯಿಪಾಠ ಇದೆ: "ಪ್ರಕೃತಿ ಮಾತೆಯ ಮಡಿಲಲ್ಲಿ ಪವಡಿಸಿರುವ ಪಾವನ ಅಘನಾಶಿನಿಯ ತಟದಲ್ಲಿ..." ಗೆಳೆಯರಿಗೆಲ್ಲ ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಅಂದರು. ಆಮೇಲೆ ನಮ್ಮ ಕನ್ನಡ ಸರ್‌ಗೆ ಕೊಟ್ಟೆ.

ಎರಡು ದಿನ ಬಿಟ್ಟು ವಾಪಸ್ ಕೊಟ್ಟರು. ಕೆಂಪು ಶಾಯಿ ಇಲ್ಲ, ಮಾರ್ಕು ಇಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಕಡ್ಡಿಗೆರೆ, ಒಟ್ಟು ಹನ್ನೊಂದು. ಏನು ಸರ್ ಇದು ಅಂದೆ. "ಓದುತ್ತಾ ಇಲ್ಲಿ ನಿಂತೆ ತಮಾ, ಅಷ್ಟೇ. ಯಾಕೆ ನಿಂತೆ ಅಂತ ನೀನು ನೋಡು" ಅಂದರು. ಮೊದಲ ಗೆರೆ ಪವಡಿಸಿರುವ ಪಕ್ಕದಲ್ಲೇ ಇತ್ತು. ಹೊರಡುವಾಗ ಸುಮ್ನೆ ಒಂದು ಪ್ರಶ್ನೆ ಕೇಳಿದರು. "ನೀರೊಳಗೆ ಬಳಚು ಕಣ್ಣಿಗೆ ಕಾಣುತ್ತದೋ?" ಇಲ್ಲ ಸರ್, ನೀರು ರಾಡಿ ಇರುತ್ತದೆ, ಅವ್ವ ಕಾಲಲ್ಲಿ ಮುಟ್ಟಿ ಹುಡುಕುತ್ತಾಳೆ ಅಂದೆ. "ಅದು ಇದರಲ್ಲಿ ಎಲ್ಲಿದೆ?" ಅಂದರು. ಆರು ಪುಟದಲ್ಲಿ ಎಲ್ಲೂ ಇರಲಿಲ್ಲ.

ಎರಡನೇ ಸಲ ಗೊತ್ತಿದ್ದದ್ದೆಲ್ಲ ತುಂಬಿದೆ. ಗಜನಿ ಅನ್ನುವ ಉಪ್ಪುನೀರಿನ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ, ತದಡಿ ಬಂದರಿನ ದೋಣಿ, ಎಲ್ಲ. ಹದಿನಾಲ್ಕು ಪುಟ ಆಯಿತು. ಗೆರೆಗಳೂ ಜಾಸ್ತಿ ಆದವು. ಮೂರನೇ ಸಲ ಸರ್ ಓದಲೇ ಇಲ್ಲ. "ಮನೆಗೆ ಹೋಗಿ ನಿನ್ನ ಅವ್ವನಿಗೆ ಓದಿ ಹೇಳು" ಅಂದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಚಿಮಣಿ ಬುಡ್ಡಿ ಮುಂದೆ ಕೂತು ಓದಿದೆ. ಚಿಪ್ಪು ತಾಗಿ ಕಾಲು ಸೀಳಿ ಅವಳು ಗೊಳೋ ಅಂತ ಅತ್ತಳು ಅಂತ ಬರೆದಿದ್ದೆ. ಅಲ್ಲಿ ಕೈ ಎತ್ತಿ ನಿಲ್ಲಿಸಿದಳು. "ನಾನು ಯಾವಾಗ ಅತ್ತೆ? ಚಳಿ ಆಗ್ತಿತ್ತು, ಅಷ್ಟೇ" ಅಂದಳು. ಹಾಗಾದರೆ ಬಳಚು ಸಿಕ್ಕಿದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಕಾಲಿಗೇ ಗೊತ್ತಾಗ್ತದೆ" ಅಂದಳು.

ನಾಲ್ಕನೇ ಕರಡು ಒಂದೂವರೆ ಪುಟ. ಅದರಲ್ಲಿ ಅಳು ಇಲ್ಲ, ಪ್ರಕೃತಿ ಮಾತೆ ಇಲ್ಲ. ಅವ್ವನ ಆ ಮಾತು ಇತ್ತು. ಸರ್ ಓದಿದರು. ಒಂದು ಕಡೆ ಮಾತ್ರ ಗೆರೆ ಹಾಕಿದರು. ಅದೇ ಅಚ್ಚಾಯಿತು.

ಕಥೆ ಉದ್ದ ಆಯಿತು, ಗೊತ್ತು. ಆದರೆ ನನಗೆ ಬರೆಯಲಿಕ್ಕೆ ಬಂದದ್ದೇ ಅಲ್ಲಿಂದ. ಓದಿದವರನ್ನು ಹೇಗಿದೆ ಅಂತ ಕೇಳಬೇಡಿ. ಎಲ್ಲಿ ನಿಂತಿರಿ ಅಂತ ಕೇಳಿ. ಮೂವರಿಗೆ ಕೊಟ್ಟು ಇಬ್ಬರು ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಏನೋ ಇದೆ ಅಂತಲೇ ತಿಳಿಯಿರಿ. ಅವರು ಹೇಳಿದ ಹಾಗೇ ತಿದ್ದಬೇಕು ಅಂತಿಲ್ಲ. ಎಲ್ಲಿ ನೋವು ಅನ್ನುವುದು ಓದುಗರಿಗೆ ಸರಿಯಾಗಿ ಗೊತ್ತಿರುತ್ತದೆ, ಮದ್ದು ನೀವೇ ಹುಡುಕಬೇಕು.

ತಿದ್ದುವ ಮಾತು ಬಂದರೆ ಟ್ಯಾಗೋರರು ನೆನಪಾಗುತ್ತಾರೆ ನೋಡಿ. ಕಾರವಾರದಲ್ಲಿ ನಿಂತು ಅವರ ಹೆಸರು ಹೇಳದೆ ಹೋಗಲಿಕ್ಕಾಗುತ್ತದೆಯೇ? 1880ರ ದಶಕದ ಶುರುವಿನಲ್ಲಿ ಅವರು ಇಲ್ಲಿಗೆ ಬಂದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ತಮ್ಮನಿಗೆ ಆಗ ಇಪ್ಪತ್ತೆರಡರ ಆಸುಪಾಸು, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಇಲ್ಲೇ ಒಂದು ನಾಟಕ ಬರೆದರು. ಅದು ನಿಮಗೆಲ್ಲ ಗೊತ್ತಿದೆ, ಬೀಚಿಗೆ ಅವರದೇ ಹೆಸರಿದೆ. ನನಗೆ ಹೇಳಬೇಕಾದದ್ದು ಅವರ ಹಸ್ತಪ್ರತಿಯ ವಿಷಯ. ಅವರು ತಿದ್ದುವಾಗ ಬೇಡದ ಸಾಲುಗಳ ಮೇಲೆ ಕಾಟು ಹೊಡೆಯುತ್ತಿದ್ದರು. ಆ ಕಾಟುಗಳನ್ನೇ ಒಂದಕ್ಕೊಂದು ಸೇರಿಸಿ ಹಕ್ಕಿ, ಪ್ರಾಣಿ, ಮುಖ ಮಾಡುತ್ತಿದ್ದರು. 1924ರಲ್ಲಿ ಬರೆದ ಕವಿತೆಗಳ ಹಸ್ತಪ್ರತಿಯಲ್ಲಿ ಇಂಥವು ತುಂಬಾ ಇವೆ. ಹಾಗೆ ಶುರುವಾದದ್ದು ಚಿತ್ರಕಲೆಯೇ ಆಗಿ ಬೆಳೆಯಿತು, 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ಆಯಿತು. ನೊಬೆಲ್ ಬಂದು ಹನ್ನೊಂದು ವರ್ಷ ಆದಮೇಲೂ ಅವರು ಇಷ್ಟು ಕಾಟು ಹೊಡೆಯುತ್ತಿದ್ದರು. ನಾವು ಒಂದು ಸಾಲು ತೆಗೆಯಿರಿ ಅಂದರೆ ಮುಖ ಸಣ್ಣ ಮಾಡುತ್ತೇವೆ.

ಪ್ರಿನ್ಸಿಪಾಲರು ವಾಚ್ ನೋಡುತ್ತಿದ್ದಾರೆ. ಅಂಕೋಲೆ ಕಡೆಯವರಿಗೆ ಬಸ್ ಇದೆ. ಉಳಿದ ಎರಡು ವಿಷಯ ಬೇಗ ಹೇಳುತ್ತೇನೆ.

ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ಇವನ್ನೆಲ್ಲ ಕೊನೆಗೆ ತಿದ್ದಿ. ಮೊದಲೇ ಚೆಂದ ಮಾಡಿಟ್ಟ ಸಾಲನ್ನು ತೆಗೆಯಲಿಕ್ಕೆ ಮನಸ್ಸೇ ಬರುವುದಿಲ್ಲ. ಮೊಬೈಲಿನಲ್ಲಿ ಬರೆಯುವವರು ಹಳೇ ಕರಡು ಅಳಿಸಬೇಡಿ, ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಮತ್ತೆ, ಗಟ್ಟಿಯಾಗಿ ಓದಿ. ಯಕ್ಷಗಾನ ಕೇಳಿ ಬೆಳೆದ ಕಿವಿ ನಮ್ಮದು. ಮಾತು ಎಲ್ಲಿ ಎಡವಿತು ಅಂತ ಅದಕ್ಕೆ ತಕ್ಷಣ ತಿಳಿಯುತ್ತದೆ.

ಮೂರನೆಯದು ಬಿಡಿ, ಟೈಮ್ ಇಲ್ಲ.

ಆಗಲೇ ಚೆನ್ನಾಗಿದೆ ಅಂತ ಹೇಳಿಸಿಕೊಂಡ ಆ ಇಬ್ಬರು ಎಲ್ಲಿದ್ದೀರಿ? ಹಿಂದೆ, ಕಿಟಕಿ ಹತ್ತಿರ. ತಂಗಿ, ನೀನೂ ನಿನ್ನ ಗೆಳತಿಯೂ ಇದು ಮುಗಿದ ಕೂಡಲೇ ಕ್ಯಾಂಟೀನಿಗೆ ಬನ್ನಿ. ನನ್ನ ಕುಮಟಾ ಬಸ್‌ಗೆ ಇನ್ನೂ ಒಂದು ಗಂಟೆ ಇದೆ. ನಿಮ್ಮ ಪುಟ ಇನ್ನೊಂದು ಸಲ ಓದುತ್ತೇನೆ. ಪೆನ್ಸಿಲ್ ನನ್ನ ಹತ್ತಿರ ಇದೆ.