ಬರೆದಿಟ್ಟ ಟಿಪ್ಪಣಿ ಬೇಕಾದಾಗ ಸಿಗಬೇಕಾದರೆ

ಕೇಳುಗರಿಗೆ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುವವರು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರು ಈಗ ಟಿಪ್ಪಣಿಗಳನ್ನು ಕಂಪ್ಯೂಟರಿನಲ್ಲೇ ಇಡುತ್ತಾರೆ. ಆದರೆ ಆರು ತಿಂಗಳ ಮೇಲೆ ಹುಡುಕಿದರೆ ಸಿಗುವುದಿಲ್ಲ. ಕನ್ನಡದಲ್ಲಿ ಬರೆದವರಿಗೆ ಈ ತಾಪತ್ರಯ ಇನ್ನೂ ಹೆಚ್ಚು.

ಮೊದಲು ಅಕ್ಷರದ ವಿಚಾರ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ. ಕಡತದೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ; ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಸಿಗದು. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ತಾಳೆ ನೋಡಿ.

ಟಿಪ್ಪಣಿ ಬರೆದಿಡುವ ತಂತ್ರಾಂಶಗಳಲ್ಲಿ ಅಬ್ಸಿಡಿಯನ್ ಒಳ್ಳೆಯದು. ಪ್ರತಿ ಟಿಪ್ಪಣಿಯೂ ನಿಮ್ಮದೇ ಫೋಲ್ಡರಿನಲ್ಲಿ ಸಾದಾ ಪಠ್ಯ ಕಡತವಾಗಿರುತ್ತದೆ. ನಾಳೆ ಆ ತಂತ್ರಾಂಶ ನಿಂತುಹೋದರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು.

ಒಂದು ಟಿಪ್ಪಣಿಯಲ್ಲಿ ಒಂದೇ ವಿಷಯವಿರಲಿ. ಗದಗ ಜಿಲ್ಲೆಯ ಲಕ್ಕುಂಡಿಯನ್ನೇ ತೆಗೆದುಕೊಳ್ಳಿ. ‘ಬ್ರಹ್ಮ ಜಿನಾಲಯ’ ಎಂದು ಒಂದು ಟಿಪ್ಪಣಿ: 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ‘ರನ್ನ’ ಎಂದು ಇನ್ನೊಂದು: ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ. ಎರಡರಲ್ಲೂ ಅತ್ತಿಮಬ್ಬೆಯ ಹೆಸರಿನ ಆಚೀಚೆ ಎರಡೆರಡು ಚೌಕ ಆವರಣ ಹಾಕಿ. ಆಗ ‘ಅತ್ತಿಮಬ್ಬೆ’ ಎಂಬ ಪುಟ ತೆರೆದು ಬ್ಯಾಕ್‌ಲಿಂಕ್ ಪಟ್ಟಿ, ಅಂದರೆ ಆ ಪುಟಕ್ಕೆ ಕೊಂಡಿ ಹಾಕಿದ ಟಿಪ್ಪಣಿಗಳ ಪಟ್ಟಿ, ನೋಡಿದರೆ ರನ್ನನೂ ಜಿನಾಲಯವೂ ಒಟ್ಟಿಗೇ ಕಾಣುತ್ತವೆ. ಪ್ರತಿ ಟಿಪ್ಪಣಿಯ ಕೆಳಗೆ ಪುಸ್ತಕದ ಹೆಸರು, ಪುಟಸಂಖ್ಯೆ ಬರೆಯಲೇಬೇಕು.

ಎಡವುವುದು ವಿಭಕ್ತಿಯಲ್ಲಿ. ‘ಅತ್ತಿಮಬ್ಬೆಯ’ ಎಂದು ಪೂರ್ತಿ ಆವರಣದೊಳಗೆ ಬರೆದರೆ, ತಂತ್ರಾಂಶ ಅದನ್ನು ಬೇರೆಯೇ ಪುಟವೆಂದು ತಿಳಿಯುತ್ತದೆ. ‘ಅತ್ತಿಮಬ್ಬೆ’ ಒಳಗಿರಲಿ, ‘ಯ’ ಆವರಣ ಮುಚ್ಚಿದ ಮೇಲೆ ಬರಲಿ. ಹುಡುಕುವಾಗಲೂ ಅಷ್ಟೇ. ‘ಕಲ್ಲು’ ಎಂದು ಹುಡುಕಿದರೆ ‘ಕಲ್ಲಿನ’ ಸಿಗದು. ಉಕಾರ ಬಿಟ್ಟು ‘ಕಲ್ಲ’ ಎಂದು ಕೊಟ್ಟರೆ ಎರಡೂ ಸಿಗುತ್ತವೆ. ಕೆಲವೆಡೆ ‘ಹುಬ್ಳಿ’ ಎಂದೂ ಇರುವುದರಿಂದ ‘ಹುಬ್ಬಳ್ಳಿ’ ಪುಟಕ್ಕೆ ಅದನ್ನು ಅಲಿಯಾಸ್ (ಅದೇ ಪುಟದ ಇನ್ನೊಂದು ಹೆಸರು) ಆಗಿ ಸೇರಿಸಿ.

ಮೊಬೈಲು, ಲ್ಯಾಪ್‌ಟಾಪು ಸಿಂಕ್ ಆಗಿದ್ದರೆ ಬ್ಯಾಕಪ್ ಆಯಿತೆಂದು ನಂಬಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ವಾರಕ್ಕೊಮ್ಮೆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಫೋಲ್ಡರಿನ ಹೆಸರಿಗೆ ಆ ದಿನದ ತಾರೀಖು ಹಚ್ಚಿ. ಹಿಂದಿನ ವಾರದ ನಕಲನ್ನು ಕೂಡಲೇ ತೆಗೆಯಬೇಡಿ. ಬೇರೊಂದು ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ, ಎರಡು ಕಡತ ತೆರೆದು, ಅಕ್ಷರಗಳು ಸರಿಯಾಗಿ ಕಂಡ ಮೇಲೆ ಹಳೆಯದನ್ನು ಅಳಿಸಿ. ನಮಸ್ಕಾರ.