ಓಫನ ಏರಿ: ಮಣ್ಣಿನ ರಾಶಿಯ ವಯಸ್ಸನ್ನು ತಿಳಿಯುವುದು ಹೇಗೆ?

ಗೌರವಾನ್ವಿತ ಅಧ್ಯಕ್ಷರೇ, ಸಭಿಕರೇ,

ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಗುಡ್ಡನಾಡಿನಲ್ಲಿ, ಈಗಿನ ಗಡಿಯನ್ನು ಕೆಲವೆಡೆ ಮುಟ್ಟುತ್ತ, ಕೆಲವೆಡೆ ದಾಟುತ್ತ, ದಕ್ಷಿಣೋತ್ತರವಾಗಿ ಸಾಗುವ ಒಂದು ಮಣ್ಣಿನ ಏರಿಯಿದೆ. ಇಂಗ್ಲಿಷರಿಗೆ ಅದು ‘ಓಫಾಸ್ ಡೈಕ್’. ವೇಲ್ಸಿನವರ ನುಡಿಯಲ್ಲಿ ‘ಕ್ಲೌದ್ ಓಫ’. ಏರಿ ಎಂಬ ಅರ್ಥದ ‘ಡೈಕ್’ ಮತ್ತು ಕಂದಕ ಎಂಬ ಅರ್ಥದ ‘ಡಿಚ್’ ಎರಡೂ ಒಂದೇ ಹಳೆಯ ಇಂಗ್ಲಿಷ್ ಮಾತಿನಿಂದ ಬಂದವು. ತೋಡಿದ ಮಣ್ಣನ್ನು ಪಕ್ಕಕ್ಕೆ ಒಟ್ಟಿದರೆ ಅದೇ ಏರಿಯಾಗುತ್ತದೆ. ಕೆಲಸ ಒಂದೇ ಆದ್ದರಿಂದ ಹೆಸರೂ ಒಂದೇ. ನಮ್ಮ ಕೊಡಗಿನ ಕಾಡುಗಳಲ್ಲಿ ಮೈಲಿಗಟ್ಟಲೆ ಹರಿದಿರುವ ಕಡಂಗಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಕಂದಕ ಮತ್ತು ದಿಬ್ಬ ಸೇರಿಯೇ ಕಡಂಗ.

ಓಫನು ಕ್ರಿ.ಶ. 757ರಿಂದ 796ರವರೆಗೆ ಮಧ್ಯ ಇಂಗ್ಲೆಂಡಿನ ಮರ್ಸಿಯ ರಾಜ್ಯವನ್ನು ಆಳಿದ ಅರಸ. ಏರಿಗೆ ಅವನ ಹೆಸರು ಅಂಟಿಕೊಳ್ಳಲು ಇರುವ ಅತ್ಯಂತ ಹಳೆಯ ಲಿಖಿತ ಆಧಾರವೆಂದರೆ ಆಸರ್ ಎಂಬ ವೇಲ್ಸಿನ ಧರ್ಮಗುರು 893ರಲ್ಲಿ ಆಲ್ಫ್ರೆಡ್ ದೊರೆಯ ಚರಿತ್ರೆಯಲ್ಲಿ ಬರೆದ ಒಂದೇ ಒಂದು ವಾಕ್ಯ. ನೆರೆಯ ಅರಸರನ್ನೆಲ್ಲ ನಡುಗಿಸಿದ ಓಫನು ವೇಲ್ಸಿಗೂ ಮರ್ಸಿಯಕ್ಕೂ ನಡುವೆ ಸಮುದ್ರದಿಂದ ಸಮುದ್ರದವರೆಗೆ ದೊಡ್ಡ ಏರಿಯನ್ನು ಕಟ್ಟಿಸಿದನೆಂಬುದು ಅದರ ಸಾರ. ಅರಸ ತೀರಿಕೊಂಡು ನೂರು ವರ್ಷಗಳ ಬಳಿಕ ಬರೆದ ಈ ಮಾತನ್ನು ಅನುಮೋದಿಸುವ ಶಾಸನವಾಗಲಿ, ಕಟ್ಟಿದವರ ಲೆಕ್ಕಪತ್ರವಾಗಲಿ ನಮಗೆ ಉಳಿದಿಲ್ಲ. ಹಾಗಾಗಿ ಮುಂದಿನ ಪ್ರಶ್ನೆಗಳನ್ನು ಮಣ್ಣನ್ನೇ ಕೇಳಬೇಕಾಯಿತು.

ಹಾಗೆ ಮೊದಲು ಕ್ರಮಬದ್ಧವಾಗಿ ಕೇಳಿದವರು ಪುರಾತತ್ತ್ವಜ್ಞ ಸಿರಿಲ್ ಫಾಕ್ಸ್. 1920ರ ದಶಕದ ನಡುವಿನಲ್ಲಿ ಆರಂಭಿಸಿ ಹಲವು ವರ್ಷಗಳ ಕಾಲ ಅವರು ಏರಿಯುದ್ದಕ್ಕೂ ನಡೆದು, ಅಳೆದು, ನಕ್ಷೆ ಬರೆದರು. 1926ರಲ್ಲಿ ಅವರು ಕಾರ್ಡಿಫ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕರಾದಾಗ ಆ ಸ್ಥಾನವನ್ನು ಬಿಟ್ಟು ಹೋದವರು ಮಾರ್ಟಿಮರ್ ವೀಲರ್. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ವೀಲರ್ ಅವರೇ. ಫಾಕ್ಸರ ಬಹುಮುಖ್ಯ ಗ್ರಹಿಕೆ ಅಗೆತದಿಂದ ಬಂದದ್ದಲ್ಲ, ನಡಿಗೆಯಿಂದ ಬಂದದ್ದು. ಕಂದಕ ಸಾಮಾನ್ಯವಾಗಿ ಪಶ್ಚಿಮಕ್ಕೆ, ಅಂದರೆ ವೇಲ್ಸಿನ ಕಡೆಗಿದೆ. ಏರಿ ಗುಡ್ಡದ ನೆತ್ತಿಯನ್ನು ಹಿಡಿಯದೆ, ಪಶ್ಚಿಮದ ಇಳಿಜಾರು ಕಣ್ಣಿಗೆ ಪೂರ್ತಿ ಬೀಳುವಂತೆ ಮಗ್ಗುಲನ್ನು ಹಿಡಿದು ಹೋಗುತ್ತದೆ. ಒಂದು ಎತ್ತರದಿಂದ ಇನ್ನೊಂದು ಎತ್ತರಕ್ಕೆ ಗುರಿಯಿಟ್ಟು ಗೆರೆ ಎಳೆದವರು ಯಾರೋ ಇದ್ದರು. ಕೆಲವೆಡೆ ಇಂದಿಗೂ ಏರಿ ಎರಡೂವರೆ ಮೀಟರ್ ಎತ್ತರವಿದೆ. ಕಂದಕವೂ ಸೇರಿದರೆ ಅಗಲ ಸುಮಾರು 20 ಮೀಟರ್.

ಸಮುದ್ರದಿಂದ ಸಮುದ್ರಕ್ಕೆ ಎಂಬ ಆಸರನ ಮಾತು ಫಾಕ್ಸರನ್ನೂ ಕಾಡಿತು. ಉತ್ತರದ ಪ್ರೆಸ್ಟಾಟಿನ್‌ನಿಂದ ದಕ್ಷಿಣದಲ್ಲಿ ಸೆವರ್ನ್ ನದಿಯ ಅಳಿವೆಯವರೆಗೆ ಅವರು ಏರಿಯನ್ನು ಹುಡುಕಿದರು; ಹೆರಿಫರ್ಡ್‌ಶೈರ್‌ನಲ್ಲಿ ಅದು ಕಾಣದಾದಾಗ ಅಲ್ಲಿ ದಟ್ಟ ಕಾಡಿದ್ದುದರಿಂದ ಏರಿಯ ಅಗತ್ಯವಿರಲಿಲ್ಲವೆಂದು ವಿವರಿಸಿದರು. 1970ರ ದಶಕದಿಂದ ಡೇವಿಡ್ ಹಿಲ್ ಮತ್ತು ಮಾರ್ಗರೆಟ್ ವರ್ದಿಂಗ್ಟನ್ ತಮ್ಮ ವಿದ್ಯಾರ್ಥಿಗಳೊಡನೆ ಏರಿಯ ಉದ್ದಕ್ಕೂ ಸಣ್ಣ ಸಣ್ಣ ಗುಂಡಿಗಳನ್ನು ತೋಡುತ್ತ ಬಂದರು. ನೆಲದ ಮೇಲೆ ಬಾಗಿಲಿನಂತೆ ಕಾಣುತ್ತಿದ್ದ ಹಲವು ಬಿಡುವುಗಳಲ್ಲಿ ಒಳಗೆ ಕಂದಕ ಮುಚ್ಚಿಹೋಗಿ ಮುಂದುವರಿದದ್ದು ಅವರಿಗೆ ಕಂಡಿತು. ನಿಸ್ಸಂದೇಹವಾಗಿ ಓಫನದೆನ್ನಬಹುದಾದ ಭಾಗ ನಡುವಿನ ಸುಮಾರು 103 ಕಿಲೋಮೀಟರ್ ಮಾತ್ರ, ಅದು ಪೊವಿಸ್ ಎಂಬ ವೇಲ್ಸ್ ರಾಜ್ಯಕ್ಕೆ ಎದುರಾಗಿ ಕಟ್ಟಿದ್ದು ಎಂಬುದು ಅವರ ತೀರ್ಮಾನ. ಈ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಏರಿ ಅದಕ್ಕಿಂತ ಉದ್ದವಿತ್ತೆಂದು ವಾದಿಸುವವರು ಈಗಲೂ ಇದ್ದಾರೆ.

ಈಗ ಕಾಲನಿರ್ಣಯದ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇದೇ. ಮನೆ, ಗುಡಿ, ಊರು ಇವುಗಳ ನೆಲದಲ್ಲಿ ಮಡಕೆಯ ಚೂರು, ನಾಣ್ಯ, ಮೂಳೆ ಸಿಗುತ್ತವೆ. ಊರಾಚೆ ಒಟ್ಟಿದ ಮಣ್ಣಿನಲ್ಲಿ ಏನೂ ಸಿಗುವುದಿಲ್ಲ. ಫ್ರಿತ್ ಎಂಬಲ್ಲಿ ಏರಿಯ ಅಡಿಯಲ್ಲಿ ರೋಮನ್ ಕಾಲದ ವಸತಿಯ ಅವಶೇಷಗಳು ಸಿಕ್ಕಿದ್ದರಿಂದ ಏರಿ ರೋಮನ್ನರಿಗಿಂತ ಈಚಿನದು ಎಂದು ಫಾಕ್ಸ್ ತೋರಿಸಿದರು. ಅದು ಗಟ್ಟಿಯಾದ ಹೆಜ್ಜೆಯೇ ಹೌದು, ಆದರೆ ರೋಮನ್ನರಿಗೂ ಓಫನಿಗೂ ನಡುವೆ ಮುನ್ನೂರೈವತ್ತು ವರ್ಷಗಳಿವೆ.

ಏರಿಗೆ ಅಡ್ಡಲಾಗಿ ಅಗೆದು, ಕತ್ತರಿಸಿದ ಮಗ್ಗುಲನ್ನು ಕರಣೆಯಿಂದ ನಯವಾಗಿ ಹೆರೆದರೆ ಕೆಳಗಡೆ ಬೆರಳಗಲದ ಕಪ್ಪು ಪಟ್ಟಿಯೊಂದು ಕಾಣಿಸಬಹುದು. ಅದು ಏರಿ ಕಟ್ಟುವ ಮುನ್ನ ಅಲ್ಲಿ ಹುಲ್ಲು ಬೆಳೆದಿದ್ದ ನೆಲ. ಅದರ ಮೇಲೆ, ಬೇರುಸಹಿತ ಕೊಯ್ದು ತಂದು ಪೇರಿಸಿದ ಹುಲ್ಲುಹೆಂಟೆಗಳಿದ್ದರೆ, ಒಂದೊಂದು ಹೆಂಟೆಯೂ ಗಾಢ ಬಣ್ಣದ ಸಣ್ಣ ಅಂಚಾಗಿ ಉಳಿದಿರುತ್ತದೆ. ಅದರ ಮೇಲೆ ಕಂದಕದಿಂದ ಬಂದ ತಿಳಿಬಣ್ಣದ ಜಲ್ಲಿಮಣ್ಣು. ಕಾಲವನ್ನು ಹೇಳಬಲ್ಲ ಸಾಕ್ಷಿ ಈ ಕಪ್ಪು ಪಟ್ಟಿಯಲ್ಲಿ ಮತ್ತು ಆ ಹೆಂಟೆಗಳಲ್ಲಿ ಇದೆ. ಆದರೆ ಆ ಸಾಕ್ಷಿಯನ್ನು ಎಚ್ಚರದಿಂದ ವಿಚಾರಿಸಬೇಕು. ಓಫನ ಏರಿಗೆ ಪೂರ್ವದಲ್ಲಿ, ಅದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಸುಮಾರು 64 ಕಿಲೋಮೀಟರ್ ಉದ್ದದ ‘ವಾಟ್ಸ್ ಡೈಕ್’ ಇದೆ. 1990ರ ದಶಕದಲ್ಲಿ ಆಸ್ವೆಸ್ಟ್ರಿಯ ಬಳಿ ಅದರ ಅಡಿಯಲ್ಲಿ ಒಂದು ಒಲೆಯ ಇದ್ದಿಲು ಸಿಕ್ಕಿತು. ಸತ್ತ ಜೀವಿಯಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ಹೇಳುವ ರೇಡಿಯೋ ಕಾರ್ಬನ್ ಪರೀಕ್ಷೆ ಅದನ್ನು 5ನೇ ಶತಮಾನದ ಆಸುಪಾಸಿಗೆ ಒಯ್ದಿತು. ಏರಿಯೇ ಅಷ್ಟು ಹಳೆಯದೆಂದು ಅನೇಕರು ನಂಬಿದರು. 2006ರಲ್ಲಿ ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಗೊಬೋವೆನ್‌ನಲ್ಲಿ, ಮಣ್ಣಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಅಳೆಯುವ ವಿಧಾನ ಬಳಸಿದಾಗ ಬಂದ ಉತ್ತರ 9ನೇ ಶತಮಾನದ ಆದಿಭಾಗ, ಅಂದರೆ ಓಫನ ನಂತರದ ಕಾಲ. ಒಲೆ ಉರಿದ ದಿನಕ್ಕೂ ಅದರ ಮೇಲೆ ಮಣ್ಣು ಬಿದ್ದ ದಿನಕ್ಕೂ ಶತಮಾನಗಳ ಅಂತರವಿರಬಹುದು. ಅಡಿಯಲ್ಲಿ ಸಿಕ್ಕ ಇದ್ದಿಲು, ಏರಿ ತನಗಿಂತ ಈಚಿನದು ಎಂದಷ್ಟೇ ಹೇಳುತ್ತದೆ.

ಇದೇ ಎಚ್ಚರ ಓಫನ ಏರಿಗೂ ಬೇಕು. ಚರ್ಕ್ ಎಂಬ ಊರಿನ ಸಮೀಪ ಕ್ಲುಯಿಡ್-ಪೊವಿಸ್ ಪುರಾತತ್ತ್ವ ಸಂಸ್ಥೆ ಏರಿಯೊಳಗಿನ ಹುಲ್ಲುಹೆಂಟೆಗಳನ್ನು ಪರೀಕ್ಷೆಗೆ ಕಳಿಸಿದಾಗ ಕೆಲವು ಮಾದರಿಗಳಿಗೆ 5ರಿಂದ 7ನೇ ಶತಮಾನದ ನಡುವಿನ ಕಾಲ ಬಂತು. ಓಫನಿಗೂ ಈ ಏರಿಗೂ ಸಂಬಂಧವಿಲ್ಲ ಎಂಬ ಸುದ್ದಿ ಕೂಡಲೇ ಹರಡಿತು. ಅಷ್ಟು ಆತುರ ಸಲ್ಲದೆಂಬುದು ನನ್ನ ಅಭಿಪ್ರಾಯ. ಹುಲ್ಲುನೆಲದ ಮಣ್ಣಿನಲ್ಲಿ ಅದನ್ನು ಕೊಯ್ದ ದಿನಕ್ಕಿಂತ ಹಳೆಯ ಇಂಗಾಲವಿರುವುದು ಸಹಜ. ಮೊದಲಿನ ಅರಸರು ಕಟ್ಟಿದ್ದ ತುಂಡು ಏರಿಗಳನ್ನು ಓಫನು ಜೋಡಿಸಿರುವುದೂ ಸಾಧ್ಯ. ಒಂದೇ ಸ್ಥಳದ ಫಲಿತಾಂಶದ ಮೇಲೆ ನೂರು ಕಿಲೋಮೀಟರಿನ ತೀರ್ಪು ಕೊಡಲಾಗದು.

ಅದು ಏತಕ್ಕಾಗಿ ಇತ್ತು? ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ನನ ಗೋಡೆಯಲ್ಲಿರುವಂತೆ ಇಲ್ಲಿ ಸಾಲುಕೋಟೆಗಳು ಸಿಕ್ಕಿಲ್ಲ, ಕಾವಲು ಪಡೆ ತಂಗಿದ ಕುರುಹೂ ಇಲ್ಲ. ಏರಿ ಹತ್ತಿ ಬರುವ ಆಳನ್ನು ಅದು ತಡೆಯಲಾರದು. ಆದರೆ ತುರುಗಳನ್ನು ಹಿಡಿದು ಅಟ್ಟಿಕೊಂಡು ಹೋಗುವವನಿಗೆ ಆ ಕಂದಕ ದೊಡ್ಡ ತೊಡಕು. ಎದುರಿಗಿದ್ದ ಪೊವಿಸ್ ಸುಮ್ಮನಿರಲಿಲ್ಲ ಎಂಬುದಕ್ಕೆ ಲಾಂಗೋಲೆನ್ ಬಳಿಯ ಎಲಿಸೆಗ್ ಕಂಬ ಸಾಕ್ಷಿ. ಎಲಿಸೆಗ್ ಎಂಬ ಅರಸನು ಪೊವಿಸ್ ನಾಡನ್ನು ಇಂಗ್ಲಿಷರಿಂದ ಮರಳಿ ಪಡೆದನೆಂದು ಅವನ ಮರಿಮಗ 9ನೇ ಶತಮಾನದಲ್ಲಿ ಅದರ ಮೇಲೆ ಕೆತ್ತಿಸಿದ. ಆ ಅಕ್ಷರಗಳು ಈಗ ಸವೆದುಹೋಗಿವೆ. 1696ರಲ್ಲಿ ಎಡ್ವರ್ಡ್ ಲೌಯಿಡ್ ಎಂಬ ವಿದ್ವಾಂಸ ಮಾಡಿಕೊಂಡ ಪ್ರತಿಯಿಂದ ನಾವು ಅದನ್ನು ಓದುತ್ತಿದ್ದೇವೆ.

ಮಣ್ಣಿನ ಶಾಸನಕ್ಕೆ ಅಂಥ ಪ್ರತಿ ಇರುವುದಿಲ್ಲ. 2013ರ ಆಗಸ್ಟಿನಲ್ಲಿ ಚರ್ಕ್ ಮತ್ತು ಲಾಂಗೋಲೆನ್ ನಡುವೆ ಖಾಸಗಿ ಜಮೀನಿನಲ್ಲಿದ್ದ ಸುಮಾರು 45 ಮೀಟರ್ ಏರಿಯನ್ನು ಯಂತ್ರದಿಂದ ನೆಲಸಮ ಮಾಡಲಾಯಿತು. ಮಣ್ಣನ್ನು ಮತ್ತೆ ಒಟ್ಟಿ ಆಕಾರ ಕೊಡಬಹುದು. ಆದರೆ ಹುಲ್ಲುಹೆಂಟೆ ಕಂದಕದ ಜಲ್ಲಿಯೊಡನೆ ಕಲಸಿಹೋದ ಮೇಲೆ ಅದರಿಂದ ಯಾವ ಮಾದರಿಯನ್ನೂ ತೆಗೆಯಲಾಗದು. ಫಾಕ್ಸ್ ಈ ದಾರಿಯಲ್ಲಿ ನಡೆದಾಗ ರೇಡಿಯೋ ಕಾರ್ಬನ್ ವಿಧಾನ ಇನ್ನೂ ಹುಟ್ಟಿರಲಿಲ್ಲ, ಬಿಸಿಲಿನ ಲೆಕ್ಕವೂ ಇರಲಿಲ್ಲ. ಚರ್ಕ್‌ನಲ್ಲಿ ಪರೀಕ್ಷೆಗೆ ಹೋದ ಹೆಂಟೆಗಳು ಆಗ ಯಾರೂ ಅಗೆಯದೆ ಬಿಟ್ಟಿದ್ದ ಮಣ್ಣಿನೊಳಗೆ ಇದ್ದವು.